ಪಿಸಿ ಬಿಟ್ಟು ಪಿಎಸ್5 ತಗೊಳ್ಳಲಾ?

ಪ್ರಶ್ನೆ: ಸರ್, ನನಗೆ 34 ವರ್ಷ. ದಾವಣಗೆರೆಯಲ್ಲಿ ಬ್ಯಾಂಕ್ ಕೆಲಸ. 2017ರಲ್ಲಿ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕೂಡಿಸಿಕೊಂಡ ಪಿಸಿ ಇದೆ. ಐ5-7400 ಪ್ರೊಸೆಸರ್, ಜಿಟಿಎಕ್ಸ್ 1050 ಟಿಐ ಗ್ರಾಫಿಕ್ಸ್ ಕಾರ್ಡ್, 16 ಜಿಬಿ ರ‍್ಯಾಮ್. ಹೊಸ ಆಟ ಯಾವುದೂ ಸರಿಯಾಗಿ ಓಡುತ್ತಿಲ್ಲ. ವಿಂಡೋಸ್ 11 ಹಾಕೋಣ ಅಂದ್ರೆ ಆಗಲ್ಲ ಅನ್ನುತ್ತಿದೆ. 6 ವರ್ಷದ ಮಗಳು ಮಲಗಿದ ಮೇಲೆ ರಾತ್ರಿ ಒಂದು ಗಂಟೆ ಆಡೋಕೆ ಸಿಗುತ್ತೆ. ಭಾನುವಾರ ಕಾಲೇಜು ಗೆಳೆಯರ ಜೊತೆ ವ್ಯಾಲೊರಂಟ್ ಅನ್ನೋ ಶೂಟಿಂಗ್ ಆಟ ಆಡ್ತೀನಿ. ಸ್ಟೀಮ್ ಅನ್ನೋ ಆನ್‌ಲೈನ್ ಅಂಗಡಿಯಲ್ಲಿ ನೂರಕ್ಕಿಂತ ಜಾಸ್ತಿ ಆಟ ಕೊಂಡಿದ್ದೀನಿ. ಬಜೆಟ್ 60-65 ಸಾವಿರ. ಹಳೇದನ್ನೇ ಅಪ್‌ಗ್ರೇಡ್ ಮಾಡಿಸಲಾ, ಹೊಸ ಪಿಸಿ ಕೂಡಿಸಲಾ, ಇಲ್ಲಾ ಪಿಸಿ ಮಾರಿ ಪಿಎಸ್5 ತಗೊಳ್ಳಲಾ?

ಉತ್ತರ: ಮೊದಲು ತೀರ್ಮಾನ ಹೇಳಿಬಿಡುತ್ತೇನೆ. ಡಿಸ್ಕ್ ಡ್ರೈವ್ ಇರುವ ಪಿಎಸ್5, ಅಂದರೆ ಸೋನಿಯ ಗೇಮ್ ಕನ್ಸೋಲ್ ಪ್ಲೇಸ್ಟೇಷನ್ 5, ತಗೊಳ್ಳಿ. ಪಿಸಿ ಮಾತ್ರ ಮಾರಬೇಡಿ. ನಿಮ್ಮ ಪಿಸಿಗೆ ಹೊಸ ಆಟ ಓಡಿಸುವ ಶಕ್ತಿ ಮುಗಿದಿದೆ. ಹಳೇ ಆಟ ಓಡಿಸುವ ಶಕ್ತಿ ಇನ್ನೂ ಇದೆ. ಮಾರಿದರೆ ಬರುವ ದುಡ್ಡಿಗೆ ಎರಡು ಮೂರು ಹೊಸ ಆಟ ಬಂದರೆ ಹೆಚ್ಚು. ಅದರ ಜೊತೆ ನಿಮ್ಮ ನೂರು ಆಟ ಕೈಬಿಟ್ಟು ಹೋಗುತ್ತವೆ, ಭಾನುವಾರದ ಗೆಳೆಯರೂ ಹೋಗುತ್ತಾರೆ.

ಈಗ ಒಂದೊಂದೇ ದಾರಿ ನೋಡೋಣ. ಅಪ್‌ಗ್ರೇಡ್‌ನಿಂದ ಶುರು ಮಾಡುತ್ತೇನೆ. ಬಹಳ ಜನ ದುಡ್ಡು ಕಳೆದುಕೊಳ್ಳುವುದು ಅಲ್ಲೇ.

1050 ಟಿಐ ಬಂದದ್ದು 2016ರ ಅಕ್ಟೋಬರ್‌ನಲ್ಲಿ. 4 ಜಿಬಿ ಮೆಮೊರಿ, ಎಳೆಯುವುದು 75 ವ್ಯಾಟ್ ಮಾತ್ರ. ಅದರ ಬಹಳಷ್ಟು ಮಾಡೆಲ್‌ಗಳಿಗೆ ಎಸ್‌ಎಂಪಿಎಸ್‌ನಿಂದ (ಪಿಸಿಗೆ ಕರೆಂಟ್ ಹಂಚುವ ಡಬ್ಬಿ) ಬೇರೆ ವೈರ್ ಬೇಕಿಲ್ಲ, ಮದರ್‌ಬೋರ್ಡಿನ ಸ್ಲಾಟ್‌ನಿಂದಲೇ ಕರೆಂಟ್ ತಗೊಳ್ಳುತ್ತದೆ. ಯಾವ ಸಾದಾ ಎಸ್‌ಎಂಪಿಎಸ್ ಇದ್ದರೂ ನಡೆಯುತ್ತಿತ್ತು, ಹಾಗಾಗಿ ಆಗ ಬಜೆಟ್ ಪಿಸಿ ಅಂದರೆ ಅದೇ ಕಾರ್ಡ್. ಈಗ ಅದೇ ಸಾದಾ ಎಸ್‌ಎಂಪಿಎಸ್ ಅಡ್ಡ ಬರುತ್ತದೆ. ಕ್ಯಾಬಿನೆಟ್ಟಿನ ಸೈಡ್ ಪ್ಯಾನೆಲ್ ಬಿಚ್ಚಿ ನೋಡಿ. ಗ್ರಾಫಿಕ್ಸ್ ಕಾರ್ಡಿಗೆ ಅಂತಲೇ ಇರುವ 8 ಪಿನ್ ಕನೆಕ್ಟರ್ ಖಾಲಿ ಇದೆಯಾ? ಇಲ್ಲದಿದ್ದರೆ ಕಾರ್ಡಿಗಿಂತ ಮೊದಲು ಎಸ್‌ಎಂಪಿಎಸ್ ಬದಲಿಸಬೇಕು. 'ಮೋಲೆಕ್ಸ್ ಕನ್ವರ್ಟರ್ ಹಾಕಿ ಕೊಡ್ತೀನಿ ಬಿಡಿ ಸಾರ್' ಅಂತ ಅಂಗಡಿಯವರು ಬೇರೆ ವೈರನ್ನೇ 8 ಪಿನ್‌ಗೆ ಹೊಂದಿಸಲು ಬಂದರೆ ದಯವಿಟ್ಟು ಒಪ್ಪಬೇಡಿ. ಬಿಸಿಗೆ ಕರಗಿ ಅಂಟಿಕೊಂಡ ಅಂಥ ಕನೆಕ್ಟರ್‌ಗಳನ್ನು ಕಿತ್ತು ತೆಗೆದ ಅನುಭವದ ಮೇಲೆ ಹೇಳುತ್ತಿದ್ದೇನೆ.

ಸರಿ, ಎಸ್‌ಎಂಪಿಎಸ್ ಹಾಕಿದಿರಿ, ಕಾರ್ಡ್ ಹಾಕಿದಿರಿ. ಆಮೇಲೆ ಪ್ರೊಸೆಸರ್. ಐ5-7400ಕ್ಕೆ 4 ಕೋರ್, 4 ಥ್ರೆಡ್, ಅಂದರೆ ಒಂದೇ ಸಲಕ್ಕೆ ನಾಲ್ಕು ಕೆಲಸ. ಪಿಎಸ್5 ಒಳಗಿರುವುದು 8 ಕೋರ್, 16 ಥ್ರೆಡ್‌ನ ಎಎಂಡಿ ಕಂಪನಿಯ ಜೆನ್ 2 ಪ್ರೊಸೆಸರ್. ಇವತ್ತಿನ ದೊಡ್ಡ ಆಟ ಮಾಡುವವರು ಆ 8 ಕೋರ್‌ಗಳ ಲೆಕ್ಕ ಇಟ್ಟುಕೊಂಡೇ ಕೆಲಸ ಮಾಡುತ್ತಾರೆ. ನಿಮ್ಮ ಪ್ರೊಸೆಸರ್‌ಗೆ ಹೊಸ ಕಾರ್ಡ್ ಜೋಡಿಸಿದರೆ ಖಾಲಿ ಮೈದಾನದಲ್ಲಿ ಆಟ ಚೆನ್ನಾಗಿಯೇ ಓಡುತ್ತದೆ. ಜನ, ವಾಹನ ತುಂಬಿದ ಪೇಟೆಗೆ ಬಂದ ತಕ್ಷಣ ತಡವರಿಸುತ್ತದೆ. ಸೆಕೆಂಡಿಗೆ ಬರುವ ಚಿತ್ರಗಳ (ಫ್ರೇಮ್) ಸರಾಸರಿ ನೋಡಿದರೆ ಎಲ್ಲ ಸರಿ ಇದೆ ಅನ್ನಿಸುತ್ತದೆ, ಕೈಗೆ ಮಾತ್ರ ಸರಿ ಇಲ್ಲ ಅಂತ ಗೊತ್ತಾಗುತ್ತದೆ. ಹೊಸ ತಲೆಮಾರಿನ ಪ್ರೊಸೆಸರ್ ಹಾಕೋಣ ಅಂದರೆ ಮದರ್‌ಬೋರ್ಡೂ ಬದಲಾಗಬೇಕು.

ವಿಂಡೋಸ್ 11 ಕತೆಯೂ ಅಲ್ಲೇ ಸಿಕ್ಕಿಕೊಂಡಿದೆ. ಮೈಕ್ರೋಸಾಫ್ಟ್ ಒಪ್ಪುವುದು ಹೆಚ್ಚುಕಡಿಮೆ ಇಂಟೆಲ್‌ನ 8ನೇ ತಲೆಮಾರಿನಿಂದ ಮೇಲಿನದನ್ನು. ನಿಮ್ಮದು 7ನೆಯದು. ಒಂದೇ ಒಂದು ತಲೆಮಾರಿಗೆ ತಪ್ಪಿತು. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅದೇ ತಿಂಗಳು ಕಾರ್ಡಿನ ಚಿಪ್ ಮಾಡುವ ಎನ್ವಿಡಿಯಾ ಕೂಡ 1050 ಟಿಐ ಇರುವ ಪಾಸ್ಕಲ್ ಸಾಲಿನ ಕಾರ್ಡ್‌ಗಳಿಗೆ ಹೊಸ ಆಟಗಳ ಡ್ರೈವರ್ (ಕಾರ್ಡ್ ನಡೆಸುವ ಸಾಫ್ಟ್‌ವೇರ್) ಕೊಡುವುದನ್ನು ನಿಲ್ಲಿಸಿತು. ಇನ್ನು ಮುಂದೆ ಬರುವುದು ಸೆಕ್ಯುರಿಟಿ ಅಪ್‌ಡೇಟ್ ಮಾತ್ರ. ಹೊಸ ಆಟಗಳು ಓಡುತ್ತಿಲ್ಲ ಅನ್ನುವ ನಿಮ್ಮ ದೂರಿಗೆ ಇನ್ನು ಆ ಕಡೆಯಿಂದ ಪರಿಹಾರ ಬರುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಅಪ್‌ಗ್ರೇಡ್‌ಗೆ ಒಂದು ಒಳ್ಳೆಯ ದಾರಿ ಇದೆ. ಅದನ್ನು ಮುಚ್ಚಿಡುವುದು ಸರಿಯಲ್ಲ. ನಿಮ್ಮ 16 ಜಿಬಿ ರ‍್ಯಾಮ್ ಡಿಡಿಆರ್4 ತಲೆಮಾರಿನದಾಗಿದ್ದರೆ ಅದನ್ನು ಉಳಿಸಿಕೊಂಡು ಎಎಂಡಿಯ ಎಎಂ4 ಮದರ್‌ಬೋರ್ಡ್, ರೈಜನ್ 5 5600 ಪ್ರೊಸೆಸರ್, ಆರ್‌ಟಿಎಕ್ಸ್ 4060 ಅಥವಾ 5060 ಕಾರ್ಡ್, ಒಂದು ಭರವಸೆಯ ಎಸ್‌ಎಂಪಿಎಸ್ ಹಾಕಿಸಬಹುದು. ನನ್ನ ಅಂದಾಜಿನಲ್ಲಿ 50 ಸಾವಿರ ದಾಟುತ್ತದೆ, ನಿಮ್ಮ ಬಜೆಟ್ ಒಳಗೇ ಮುಗಿಯುತ್ತದೆ. ವಿಂಡೋಸ್ 11 ಕೂಡ ಓಡುತ್ತದೆ. ರ‍್ಯಾಮ್ 2400 ವೇಗದ್ದಾಗಿದ್ದರೆ ರೈಜನ್ ತನ್ನ ಪೂರ್ತಿ ವೇಗ ತೋರಿಸುವುದಿಲ್ಲ, ಆದರೆ ಈಗಿನ ಬೆಲೆಯಲ್ಲಿ ಹೊಸ ರ‍್ಯಾಮ್ ಕೊಳ್ಳುವುದಕ್ಕಿಂತ ಅದು ಎಷ್ಟೋ ಮೇಲು. ನೀವು ವಾರಪೂರ್ತಿ ವ್ಯಾಲೊರಂಟ್, ಕೌಂಟರ್ ಸ್ಟ್ರೈಕ್, ಡೋಟಾ ಆಡುವವರಾಗಿದ್ದರೆ, ಇಲ್ಲವೇ ಮನೆಯಲ್ಲಿ ವಿಡಿಯೊ ಎಡಿಟಿಂಗ್ ಥರದ ಕೆಲಸ ಇದ್ದಿದ್ದರೆ ನಾನು ಇದನ್ನೇ ಮಾಡಿ ಅನ್ನುತ್ತಿದ್ದೆ. ನಿಮ್ಮ ಪತ್ರದಲ್ಲಿ ಅಂಥದ್ದು ಕಾಣಲಿಲ್ಲ.

ಪೂರ್ತಿ ಹೊಸ ಪಿಸಿ? ಈಗ ಬೇಡ. 2025ರ ಕೊನೆಯಿಂದ ರ‍್ಯಾಮ್ ಬೆಲೆ ಕೈಗೆ ಸಿಗದ ಹಾಗೆ ಏರಿದೆ. ಮೆಮೊರಿ ಚಿಪ್ ಮಾಡುವ ಕಂಪನಿಗಳು ತಮ್ಮ ಸರಕನ್ನು ಎಐ ಡೇಟಾ ಸೆಂಟರ್‌ಗಳ ಕಡೆ ತಿರುಗಿಸಿವೆ. 2025ರ ಡಿಸೆಂಬರ್‌ನಲ್ಲಿ ಮೈಕ್ರಾನ್ ತನ್ನ ಕ್ರೂಷಿಯಲ್ ಬ್ರ್ಯಾಂಡಿನ ಗ್ರಾಹಕ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಹೇಳಿತು. ನಮ್ಮಲ್ಲಿ ಎಷ್ಟೋ ಜನರ ಪಿಸಿಯಲ್ಲಿ ಇರುವ ರ‍್ಯಾಮ್ ಅದೇ. 65 ಸಾವಿರಕ್ಕೆ ಸೊನ್ನೆಯಿಂದ ಕೂಡಿಸಿದ ಪಿಸಿ ಪಿಎಸ್5ಗೆ ಸಮ ಬರುವುದು ಈಗ ಕಷ್ಟ.

ಕನ್ಸೋಲ್ ಬೆಲೆಯ ಬಗ್ಗೆಯೂ ಒಂದು ಹಳೇ ನಂಬಿಕೆ ಇದೆ: ಕಾದರೆ ಇಳಿಯುತ್ತದೆ ಅಂತ. ಪಿಎಸ್2, ಪಿಎಸ್3, ಪಿಎಸ್4 ಕಾಲಕ್ಕೆ ಅದು ನಿಜವಾಗಿತ್ತು. ಈ ಸಲ ಉಲ್ಟಾ. ಪಿಎಸ್5 ಇಂಡಿಯಾಕ್ಕೆ ಬಂದದ್ದು 2021ರ ಫೆಬ್ರವರಿ 2ಕ್ಕೆ. ಆಗ ಡಿಸ್ಕ್ ಇರುವುದು 49,990 ರೂಪಾಯಿ, ಡಿಸ್ಕ್ ಡ್ರೈವ್ ಇಲ್ಲದ ಡಿಜಿಟಲ್ 39,990. 2024ರ ಏಪ್ರಿಲ್‌ನಲ್ಲಿ ತೆಳ್ಳಗಿನ ಸ್ಲಿಮ್ ಮಾಡೆಲ್ ಬಂದಾಗ 54,990 ಮತ್ತು 44,990. ಅಮೆರಿಕದಲ್ಲಿ ಸೋನಿ 2025ರ ಆಗಸ್ಟ್‌ನಲ್ಲಿ 50 ಡಾಲರ್ ಏರಿಸಿತು. ನಮ್ಮಲ್ಲಿ ದಸರಾ, ದೀಪಾವಳಿ ಹೊತ್ತಿಗೆ ಕೆಲವು ಸಾವಿರ ಬಿಡುತ್ತಾರೆ. ಕಾಯುವುದಾದರೆ ಅಷ್ಟಕ್ಕೆ ಕಾಯಿರಿ, ಅದಕ್ಕಿಂತ ಜಾಸ್ತಿ ಅಲ್ಲ.

ಡಿಸ್ಕ್ ಡ್ರೈವ್ ಇರುವುದೇ ಯಾಕೆ ಅಂದೆ ಅಂತ ಹೇಳುತ್ತೇನೆ. ಸ್ಟೀಮ್‌ನಲ್ಲಿ ನೀವು ಕಲಿತಿರುವ ಅಭ್ಯಾಸ ಏನು? ಆಟವನ್ನು ವಿಶ್‌ಲಿಸ್ಟ್‌ಗೆ ಹಾಕಿ ಸೇಲ್‌ಗೆ ಕಾಯುವುದು. 2015ರಿಂದ ರೂಪಾಯಿಯಲ್ಲೇ ಬೆಲೆ. ಆಟ ಹಿಡಿಸದಿದ್ದರೆ, ಕೊಂಡ 14 ದಿನದೊಳಗೆ, 2 ಗಂಟೆಗಿಂತ ಕಮ್ಮಿ ಆಡಿದ್ದರೆ ದುಡ್ಡು ವಾಪಸ್. ಪ್ಲೇಸ್ಟೇಷನ್ ಸ್ಟೋರ್‌ನಲ್ಲಿಯೂ 14 ದಿನ ಅಂತ ಬರೆದಿದೆ, ಆದರೆ ಡೌನ್‌ಲೋಡ್ ಶುರುವಾಯಿತೋ ಆ ಹಕ್ಕು ಮುಗಿಯಿತು. ಆಡಿ ನೋಡದೆ ಹಿಡಿಸುತ್ತಾ ಇಲ್ವಾ ಅಂತ ಗೊತ್ತಾಗುವುದು ಹೇಗೆ? ಈ ಅನ್ಯಾಯಕ್ಕೆ ನಮ್ಮ ಕೈಯಲ್ಲಿರುವ ಒಂದೇ ಉತ್ತರ ಡಿಸ್ಕ್. ಸೋನಿಯ ಹೊಸ ದೊಡ್ಡ ಆಟಕ್ಕೆ ಸುಮಾರು 4,999 ರೂಪಾಯಿ. ಡಿಸ್ಕ್ ತಗೊಂಡು ತಿಂಗಳೊಳಗೆ ಮುಗಿಸಿ ಮಾರಿದರೆ ಅರ್ಧಕ್ಕಿಂತ ಜಾಸ್ತಿ ದುಡ್ಡು ಕೈಗೆ ಬರುತ್ತದೆ. ಇಲ್ಲಾ ಗೆಳೆಯರ ಜೊತೆ ಬದಲಾಯಿಸಿಕೊಳ್ಳಬಹುದು. ಬೆಂಗಳೂರಿನ ನ್ಯಾಷನಲ್ ಮಾರ್ಕೆಟ್‌ನಂಥ ಕಡೆ ಹಳೇ ಡಿಸ್ಕ್ ಕೊಟ್ಟು ತಗೊಳ್ಳುವ ಪದ್ಧತಿ ಎಷ್ಟೋ ವರ್ಷದ್ದು. ಡಿಜಿಟಲ್ ಮಾಡೆಲ್‌ನಲ್ಲಿ ಉಳಿಸಿದ ದುಡ್ಡು ನಾಲ್ಕೈದು ಆಟಕ್ಕೇ ಕರಗಿ ಹೋಗುತ್ತದೆ.

ಡಿಸ್ಕ್ ಹಾಕಿದರೆ ಡೌನ್‌ಲೋಡ್ ತಪ್ಪುತ್ತದೆ ಅಂತ ಮಾತ್ರ ಅಂದುಕೊಳ್ಳಬೇಡಿ. ಮೊದಲ ದಿನವೇ ಹತ್ತಾರು ಜಿಬಿ ಪ್ಯಾಚ್ (ಆಟದ ತಿದ್ದುಪಡಿ) ಬರುವುದು ಮಾಮೂಲಿ. ಮನೆಯ ಬ್ರಾಡ್‌ಬ್ಯಾಂಡ್ ಪ್ಲಾನ್‌ಗೆ ತಿಂಗಳ ಮಿತಿ ಇದ್ದರೆ ಗಮನ ಇರಲಿ.

ಪ್ಲೇಸ್ಟೇಷನ್ ಪ್ಲಸ್ ಅನ್ನುವ ಸೋನಿಯ ಚಂದಾ ಇನ್ನೊಂದು ಖರ್ಚು. ಪಿಸಿಯಲ್ಲಿ ಆನ್‌ಲೈನ್ ಆಡಲು ಸಾಮಾನ್ಯವಾಗಿ ಯಾರಿಗೂ ಚಂದಾ ಕೊಡಬೇಕಾಗಿಲ್ಲ. ಪಿಎಸ್5ನಲ್ಲಿ ಇಎ ಎಫ್‌ಸಿ, ಜಿಟಿಎ ಆನ್‌ಲೈನ್ ಥರದ ಆಟ ಬೇರೆಯವರ ಜೊತೆ ಆಡಬೇಕಾದರೆ ಕೊಡಬೇಕು. 2022ರಲ್ಲಿ ಅದರ ಕೆಳಗಿನ ಹಂತ ವರ್ಷಕ್ಕೆ 2,999 ರೂಪಾಯಿ ಇತ್ತು. 2023ರ ಸೆಪ್ಟೆಂಬರ್‌ನಲ್ಲಿ ಪ್ರಪಂಚದ ಎಲ್ಲ ಕಡೆ ವರ್ಷದ ಚಂದಾ ಏರಿಸಿದರು. ಫೋರ್ಟ್‌ನೈಟ್, ವಾರ್‌ಝೋನ್, ರಾಕೆಟ್ ಲೀಗ್, ಇ-ಫುಟ್‌ಬಾಲ್ ಥರದ ಉಚಿತ ಆಟಗಳಿಗೆ ಈ ಚಂದಾ ಬೇಕಿಲ್ಲ. ನೀವು ರಾತ್ರಿ ಒಬ್ಬರೇ ಆಡುವವರು. ಮೊದಲ ವರ್ಷ ಇದನ್ನು ತಗೊಳ್ಳಲೇಬೇಡಿ. ಬೇಕು ಅನ್ನಿಸಿದರೆ ಆಮೇಲೆ ನೋಡಿದರಾಯಿತು.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ನಿಮಗೆ ಸಿಗುವುದು ಒಂದು ಗಂಟೆ. ಆ ಒಂದು ಗಂಟೆಯಲ್ಲಿ ಎಷ್ಟು ಹೊತ್ತು ಆಟ ಆಡುತ್ತೀರಿ? ಪಿಸಿ ಆನ್ ಮಾಡಿದರೆ ವಿಂಡೋಸ್ ಅಪ್‌ಡೇಟ್. ಅದು ಮುಗಿದರೆ ಆಟ ತೆರೆಯುವ ಪ್ರೋಗ್ರಾಂ, ಅಂದರೆ ಲಾಂಚರ್ ಅಪ್‌ಡೇಟ್. ಆಮೇಲೆ ಆಟದ ಅಪ್‌ಡೇಟ್. ಹೊಸ ಆಟವಾದರೆ 'ಶೇಡರ್ ಕಂಪೈಲ್ ಆಗುತ್ತಿದೆ' ಅಂತ ಒಂದು ಗೆರೆ ನಿಧಾನಕ್ಕೆ ತೆವಳುತ್ತಿರುತ್ತದೆ. 2023ರ ಮಾರ್ಚ್‌ನಲ್ಲಿ 'ದಿ ಲಾಸ್ಟ್ ಆಫ್ ಅಸ್ ಪಾರ್ಟ್ 1' ಪಿಸಿಗೆ ಬಂದಾಗ ಇದೇ ಕಾರಣಕ್ಕೆ ಎಲ್ಲೆಡೆ ಬೈಸಿಕೊಂಡಿತು. ಎಷ್ಟೋ ಜನರಿಗೆ ಆಟದ ಮೊದಲ ದೃಶ್ಯ ಕಾಣಲು ಅರ್ಧ ಗಂಟೆ, ಕೆಲವರಿಗೆ ಒಂದು ಗಂಟೆಯ ಮೇಲೆ ಕಾಯಬೇಕಾಯಿತು. ಕಾರಣ ಸರಳ. ಬೆಳಕು, ನೆರಳು, ಬಣ್ಣ ಹೇಗೆ ಬೀಳಬೇಕು ಅಂತ ಹೇಳುವ ಸಣ್ಣ ಸಣ್ಣ ಪ್ರೋಗ್ರಾಂಗಳೇ ಶೇಡರ್. ಪಿಸಿಯಲ್ಲಿ ಯಾರ ಮನೆಯಲ್ಲಿ ಯಾವ ಕಾರ್ಡ್, ಯಾವ ಡ್ರೈವರ್ ಇದೆ ಅಂತ ಆಟ ಮಾಡಿದವರಿಗೆ ಗೊತ್ತಿರುವುದಿಲ್ಲ. ಹಾಗಾಗಿ ನಿಮ್ಮ ಕಾರ್ಡಿಗೆ ಒಗ್ಗುವ ಹಾಗೆ ಅವನ್ನು ನಿಮ್ಮ ಪಿಸಿಯಲ್ಲೇ ತಯಾರು ಮಾಡಬೇಕು. ಪಿಎಸ್5 ಎಲ್ಲರ ಮನೆಯಲ್ಲೂ ಒಂದೇ. ಅದಕ್ಕೆ ತಯಾರಾದ ಶೇಡರ್ ಆಟದ ಜೊತೆಯೇ ಬರುತ್ತದೆ.

ಪಿಎಸ್5ನ ರೆಸ್ಟ್ ಮೋಡ್ ನಿಮ್ಮಂಥವರಿಗೆ ಹೇಳಿ ಮಾಡಿಸಿದ್ದು. ಮಗಳು ಎದ್ದು ಅತ್ತರೆ ಕಂಟ್ರೋಲರ್ ಬಟನ್ ಒತ್ತಿ ರೆಸ್ಟ್ ಮೋಡ್‌ಗೆ ಹಾಕಿ ಎದ್ದು ಹೋಗಬಹುದು. ಮರುದಿನ ರಾತ್ರಿ ಅದೇ ಬಟನ್ ಒತ್ತಿದರೆ ಆಟ ಅದೇ ಜಾಗದಲ್ಲಿ, ಅದೇ ಏಟಿನ ನಡುವೆ ನಿಂತಿರುತ್ತದೆ. ಸೇವ್ ಪಾಯಿಂಟ್ ಹುಡುಕುವ ಕೆಲಸ ಇಲ್ಲ. ಅಪ್‌ಡೇಟ್‌ಗಳೂ ರೆಸ್ಟ್ ಮೋಡ್‌ನಲ್ಲಿ ತಾವೇ ಇಳಿದುಕೊಂಡಿರುತ್ತವೆ. ಗ್ರಾಫಿಕ್ಸ್ ಎಷ್ಟು, ಫ್ರೇಮ್ ಎಷ್ಟು ಅಂತ ಜನ ಗಂಟೆಗಟ್ಟಲೆ ವಾದ ಮಾಡುತ್ತಾರೆ. ಮಕ್ಕಳಿರುವ ಮನೆಯವರು ಕನ್ಸೋಲ್ ಕಡೆ ಹೋಗುವುದು ಈ ಒಂದು ಬಟನ್‌ಗಾಗಿ ಅಂತ ನನಗೆ ಅನ್ನಿಸುತ್ತದೆ.

ಇದಕ್ಕೆ ಒಂದು ವೈರಿ ಇದೆ. ಕರೆಂಟ್. ರೆಸ್ಟ್ ಮೋಡ್‌ನಲ್ಲಿ ಇದ್ದಾಗ ಬೆಸ್ಕಾಂನವರು ಒಂದು ಕ್ಷಣ ಕರೆಂಟ್ ತೆಗೆದರೂ ನಿಲ್ಲಿಸಿಟ್ಟ ಆಟ ಹೋಯಿತು. ಮತ್ತೆ ಆನ್ ಮಾಡಿದರೆ ಸರಿಯಾಗಿ ಆಫ್ ಮಾಡಿಲ್ಲ ಅಂತ ಸ್ಟೋರೇಜ್ ಪರೀಕ್ಷೆ ಶುರು ಮಾಡುತ್ತದೆ. ಪದೇ ಪದೇ ಹೀಗಾಗುವುದು ಒಳ್ಳೆಯದಲ್ಲ. ಆಡುವಾಗ ಪಿಎಸ್5 ಸುಮಾರು 200 ವ್ಯಾಟ್ ಎಳೆಯುತ್ತದೆ, ಹಾಗಾಗಿ 600 ವಿಎ ಯುಪಿಎಸ್ ಕೆಲವು ನಿಮಿಷಕ್ಕೆ ಸಾಕು. ಸೇವ್ ಮಾಡಿ ಆಫ್ ಮಾಡಬಹುದು. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದರ ಹಿಂದೆ ಯುಪಿಎಸ್, ಇಕೋ ಅಂತ ಒಂದು ಸ್ವಿಚ್ ಇದೆಯಾ ನೋಡಿ. ಇಕೋದಲ್ಲಿದ್ದರೆ ಕರೆಂಟ್ ಹೋದಾಗ ಬದಲಾಗುವುದು ತಡವಾಗಿ ಕನ್ಸೋಲ್ ಆಫ್ ಆಗುತ್ತದೆ. ಯುಪಿಎಸ್ ಕಡೆ ಹಾಕಿ. ಇನ್ವರ್ಟರ್ ಪ್ಯೂರ್ ಸೈನ್ ವೇವ್ (ಲೈನ್ ಕರೆಂಟಿನ ಹಾಗೆಯೇ ಕೊಡುವಂಥದ್ದು) ಆಗಿರಲಿ.

ಗುಡುಗಿನ ವಿಷಯ ಇನ್ನೂ ಮುಖ್ಯ. ಏಪ್ರಿಲ್, ಮೇ ತಿಂಗಳ ಮಳೆಗೆ ಎಲ್ಲರೂ ಪ್ಲಗ್ ಕೀಳುತ್ತಾರೆ. ಡಿಶ್ ಕೇಬಲ್ ಮರೆಯುತ್ತಾರೆ. ಸಿಡಿಲಿನ ಕರೆಂಟ್ ಮಹಡಿ ಮೇಲಿನ ಡಿಶ್‌ನಿಂದ ಸೆಟ್‌ಟಾಪ್ ಬಾಕ್ಸ್‌ಗೆ, ಅಲ್ಲಿಂದ ಟಿವಿಗೆ, ಟಿವಿಯಿಂದ ಎಚ್‌ಡಿಎಂಐ ವೈರ್ ಹಿಡಿದು ಕನ್ಸೋಲ್‌ಗೆ ಬರುತ್ತದೆ. ಪ್ಲಗ್ ಕಿತ್ತಿಟ್ಟ ಪಿಎಸ್5ನ ಎಚ್‌ಡಿಎಂಐ ಪೋರ್ಟ್ ಸುಟ್ಟಿರುವುದು ಹೀಗೆ. ಆಕಾಶ ಕಪ್ಪಾದರೆ ಎಚ್‌ಡಿಎಂಐ ಮತ್ತು ಲ್ಯಾನ್ ಎರಡೂ ವೈರ್ ಕಿತ್ತಿಡಿ.

ಟಿವಿ ಅಂದ ಕೂಡಲೇ ಇನ್ನೊಂದು ನೆನಪಾಯಿತು. ಪಿಎಸ್5 ತಂದ ಮನೆಗಳಲ್ಲಿ ಜಗಳ ಶುರುವಾಗುವುದು ಟಿವಿಗೆ. ನಿಮಗೆ ಸಿಗುವ ಒಂದು ಗಂಟೆಯಲ್ಲೇ ಮನೆಯವರ ಸೀರಿಯಲ್, ಕ್ರಿಕೆಟ್, ಬಿಗ್ ಬಾಸ್ ಎಲ್ಲ ಇರುತ್ತವೆ. ಟಿವಿ ಮುಟ್ಟಲೇಬೇಡಿ. ಪಿಸಿ ಮಾರದೆ ಇಟ್ಟುಕೊಳ್ಳಿ ಅಂದದ್ದಕ್ಕೆ ಇದೂ ಒಂದು ಕಾರಣ. ನಿಮ್ಮ ಮೇಜು, ಕುರ್ಚಿ, ಮಾನಿಟರ್ ಅಲ್ಲೇ ಇವೆ. ಪಿಎಸ್5 ಅನ್ನು ಅದೇ ಮಾನಿಟರ್‌ಗೆ ಎಚ್‌ಡಿಎಂಐನಲ್ಲಿ ಜೋಡಿಸಿ. 1080ಪಿ ಆದರೂ ಸರಿ, 1440ಪಿ ಆದರೂ ಸರಿ, 2022ರ ಸೆಪ್ಟೆಂಬರ್ ಅಪ್‌ಡೇಟ್‌ನಿಂದ ಎರಡೂ ನಡೆಯುತ್ತವೆ. ಮಾನಿಟರ್‌ಗೆ ಸ್ಪೀಕರ್ ಇಲ್ಲದಿದ್ದರೆ ಸದ್ದು ಎಲ್ಲಿಂದ? ಕಂಟ್ರೋಲರ್ ಕೆಳಗೆ ಮಾಮೂಲಿ ಇಯರ್‌ಫೋನ್ ಜ್ಯಾಕ್ ಇದೆ. ಮೊಬೈಲ್‌ನ ಹಳೇ ಇಯರ್‌ಫೋನ್ ಸಿಕ್ಕಿಸಿದರೆ ಮಗಳ ನಿದ್ದೆಯೂ ಕೆಡುವುದಿಲ್ಲ. ಟಿವಿಗೆ ಹಾಕಿದರೂ ಶೋಕೇಸ್‌ನ ಗಾಜಿನ ಬಾಗಿಲ ಹಿಂದೆ ಇಡಬೇಡಿ. ಬಿಸಿ ಗಾಳಿ ಹೊರಗೆ ಹೋಗಲು ದಾರಿ ಬೇಕು.

ಭಾನುವಾರದ ವ್ಯಾಲೊರಂಟ್ ಬಗ್ಗೆ. ಈ ಆಟ 2024ರಲ್ಲಿ ಪಿಎಸ್5ಗೂ ಮೈಕ್ರೋಸಾಫ್ಟ್‌ನ ಕನ್ಸೋಲ್ ಎಕ್ಸ್‌ಬಾಕ್ಸ್‌ಗೂ ಬಂದಿದೆ. ಆದರೆ ಪಿಸಿಯವರ ಜೊತೆ ಕನ್ಸೋಲ್‌ನವರು ಆಡುವಂತಿಲ್ಲ. ಮೌಸ್ ಹಿಡಿದವರ ಎದುರು ಕಂಟ್ರೋಲರ್ ಹಿಡಿದವರು ನಿಲ್ಲುವುದು ಕಷ್ಟ, ಹಾಗಾಗಿ ಎರಡು ಗುಂಪನ್ನೂ ಬೇರೆ ಬೇರೆ ಇಟ್ಟಿದ್ದಾರೆ. ಪಿಎಸ್5 ತಗೊಂಡು ಪಿಸಿ ಮಾರಿದರೆ ನಿಮ್ಮ ಗೆಳೆಯರು ಅಲ್ಲಿ, ನೀವು ಇಲ್ಲಿ. 1050 ಟಿಐ ವ್ಯಾಲೊರಂಟ್ ಅನ್ನು ಈಗಲೂ ಸಲೀಸಾಗಿ ಓಡಿಸುತ್ತದೆ. ಓಡಿಸಲಿ. ಕೌಂಟರ್ ಸ್ಟ್ರೈಕ್ 2, ಡೋಟಾ 2 ಅಂತೂ ಪ್ಲೇಸ್ಟೇಷನ್‌ನಲ್ಲಿ ಇಲ್ಲವೇ ಇಲ್ಲ.

ಹಳೇ ಆಟಗಳ ವಿಷಯದಲ್ಲಿ ನನಗೆ ಸ್ವಲ್ಪ ಪ್ರೀತಿ ಜಾಸ್ತಿ, ತಡೆದುಕೊಳ್ಳಿ. 2006ರಲ್ಲಿ ಬಂದ ಇಎ ಕ್ರಿಕೆಟ್ 07 ಅನ್ನು ನಮ್ಮ ಹುಡುಗರು ಇವತ್ತಿಗೂ ಆಡುತ್ತಾರೆ. ಕಂಪನಿ ಕೈಬಿಟ್ಟ ಆಟಕ್ಕೆ ಅಭಿಮಾನಿಗಳೇ ಹೊಸ ಐಪಿಎಲ್ ತಂಡ, ಹೊಸ ಜೆರ್ಸಿ, ಹೊಸ ಸ್ಟೇಡಿಯಂ ಕೂಡಿಸುತ್ತಾ ಬಂದಿದ್ದಾರೆ. ಯೂರೋ ಟ್ರಕ್ ಸಿಮ್ಯುಲೇಟರ್ 2 ಜೆಕ್ ದೇಶದವರು ಮಾಡಿದ ಆಟ. ಅದರಲ್ಲಿ ಕೆಎಸ್‌ಆರ್‌ಟಿಸಿ ಬಸ್ ಹತ್ತಿಸಿ ಯುರೋಪಿನ ಹೈವೇಯಲ್ಲಿ ಓಡಿಸುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಅಭಿಮಾನಿಗಳು ಹೀಗೆ ಕೂಡಿಸುವ ಮಾಡ್‌ಗಳ ಲೋಕ ಬೆಳೆದದ್ದು ಪಿಸಿಯಲ್ಲಿ. ಫೋಲ್ಡರ್ ತೆಗೆದು, ಫೈಲ್ ಬದಲಿಸಿ, ಕೆಟ್ಟರೆ ಸರಿ ಮಾಡಿಕೊಂಡು ಆಡುವ ಸ್ವಾತಂತ್ರ್ಯ ಅದು. ಕನ್ಸೋಲ್‌ನಲ್ಲಿ ಹೆಚ್ಚಾಗಿ ಕಂಪನಿ ಕೊಟ್ಟದ್ದನ್ನು ಕೊಟ್ಟ ಹಾಗೆ ಆಡಬೇಕು. ಪಿಎಸ್5ನಲ್ಲಿ ಕ್ರಿಕೆಟ್ ಬೇಕಾದರೆ ಆಸ್ಟ್ರೇಲಿಯಾದ ಬಿಗ್ ಆ್ಯಂಟ್ ಮಾಡಿದ ಕ್ರಿಕೆಟ್ 24 ಇದೆ. ಚೆನ್ನಾಗಿದೆ, ಆದರೆ ಅದಕ್ಕೆ ನಿಮ್ಮೂರಿನ ಯಾವ ಹುಡುಗನೂ ಪ್ಯಾಚ್ ಬರೆಯಲಾರ. ಸಾಮ್ರಾಜ್ಯ ಕಟ್ಟುವ ಆಟ ಏಜ್ ಆಫ್ ಎಂಪೈರ್ಸ್ 2 ಕೂಡ 2025ರಲ್ಲಿ ಪಿಎಸ್5ಗೆ ಬಂತು. ಕಂಟ್ರೋಲರ್‌ನಲ್ಲಿ ಕುರಿ ಹುಡುಕಿಸುತ್ತಾ ಮನೆ ಕಟ್ಟಿಸುವುದು ನನ್ನ ಕೈಗಂತೂ ಒಗ್ಗುವುದಿಲ್ಲ. ಅಂಥ ಆಟಗಳಿಗೆ ಮೌಸೇ ಸರಿ.

ಇದನ್ನೆಲ್ಲ ನಿಮ್ಮ ಹಳೇ ಪಿಸಿ ಆರಾಮಾಗಿ ಮಾಡುತ್ತದೆ. ಮನೆಯ ಹಿರಿಯರನ್ನು ಗದ್ದೆ ಕೆಲಸದಿಂದ ಬಿಡಿಸಿ ಜಗಲಿಯ ಮೇಲೆ ಕೂರಿಸಿದ ಹಾಗೆ ಅದನ್ನು ನೋಡಿಕೊಳ್ಳಿ. ಒಂದು ಎಚ್ಚರಿಕೆ ಇದೆ. ವಿಂಡೋಸ್ 10ಕ್ಕೆ ಮನೆ ಬಳಕೆದಾರರಿಗೆ ಹೆಚ್ಚುವರಿ ಸೆಕ್ಯುರಿಟಿ ಅಪ್‌ಡೇಟ್ 2026ರ ಅಕ್ಟೋಬರ್‌ವರೆಗೆ ಅಂತ ಮೈಕ್ರೋಸಾಫ್ಟ್ ಹೇಳಿತ್ತು. ಅದಕ್ಕೆ ನೋಂದಾಯಿಸಿಕೊಳ್ಳಬೇಕು, ತಾನಾಗಿ ಬರುವುದಿಲ್ಲ. ಬ್ಯಾಂಕ್ ವ್ಯವಹಾರ, ಆಧಾರ್, ತೆರಿಗೆ ಕೆಲಸಗಳನ್ನು ಇನ್ನು ಆ ಪಿಸಿಯಲ್ಲಿ ಮಾಡಬೇಡಿ. ನೀವು ಬ್ಯಾಂಕಿನವರು, ಇದನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಕ್ರ್ಯಾಕ್ ಮಾಡಿದ ಆಟಗಳನ್ನಂತೂ ಅದರಲ್ಲಿ ಹಾಕಲೇಬೇಡಿ. ಎಪಿಕ್ ಸ್ಟೋರ್ ಪ್ರತಿ ವಾರ ಆಟ ಉಚಿತವಾಗಿ ಕೊಡುವ ಕಾಲದಲ್ಲಿ ಅದರ ಅಗತ್ಯವೂ ಇಲ್ಲ.

ಹೊಸ ಆಟಗಳಿಗೆ ಪಿಎಸ್5 ಯಾಕೆ ಅನ್ನುವುದಕ್ಕೆ ಇನ್ನೊಂದು ಕಾರಣ ಕಾಯುವಿಕೆ. ಜಿಟಿಎ 5 ಕನ್ಸೋಲ್‌ಗೆ ಬಂದದ್ದು 2013ರ ಸೆಪ್ಟೆಂಬರ್‌ನಲ್ಲಿ, ಪಿಸಿಗೆ 2015ರ ಏಪ್ರಿಲ್‌ನಲ್ಲಿ. ರೆಡ್ ಡೆಡ್ ರಿಡೆಂಪ್ಷನ್ 2 ಕನ್ಸೋಲ್‌ಗೆ 2018ರ ಅಕ್ಟೋಬರ್, ಪಿಸಿಗೆ 2019ರ ನವೆಂಬರ್. ಜಿಟಿಎ 6ಕ್ಕೆ ಅದನ್ನು ಮಾಡುವ ರಾಕ್‌ಸ್ಟಾರ್ ಕಂಪನಿ ಹೇಳಿರುವ ದಿನಾಂಕ 2026ರ ನವೆಂಬರ್ 19. ಅದು ಪಿಎಸ್5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್‌ಗೆ ಮಾತ್ರ. ಆ ಘೋಷಣೆಯಲ್ಲಿ ಪಿಸಿಯ ಹೆಸರಿಲ್ಲ. ಸೋನಿಯ ಸ್ವಂತ ಆಟಗಳೂ ತಡ. 2018ರ ಗಾಡ್ ಆಫ್ ವಾರ್ ಪಿಸಿಗೆ ಬರಲು 2022ರ ಜನವರಿ ಆಯಿತು. ಕಾಯುವ ತಾಳ್ಮೆ ಇದ್ದರೆ ಅವೇ ಆಟ ಅರ್ಧ ಬೆಲೆಗೆ ಸ್ಟೀಮ್‌ನಲ್ಲಿ ಸಿಗುತ್ತವೆ, ಅದೂ ನಿಜ. ಆದರೆ ಓಡಿಸಲು ಪಿಸಿ ಬೇಕಲ್ಲ.

ಎಕ್ಸ್‌ಬಾಕ್ಸ್ ಕೇಳಿಲ್ಲ, ಆದರೂ ಹೇಳುತ್ತೇನೆ. ಸೀರೀಸ್ ಎಸ್ ಬೆಲೆ ಕಮ್ಮಿ ಅಂತ ಯಾರಾದರೂ ಹೇಳಬಹುದು. ಅದಕ್ಕೆ ಡಿಸ್ಕ್ ಡ್ರೈವ್ ಇಲ್ಲ, 10 ಜಿಬಿ ಮೆಮೊರಿ, ಇಂಡಿಯಾದಲ್ಲಿ ಮಾಲು ಸಿಗುವುದೇ ಅಪರೂಪ, ಸರ್ವಿಸ್ ಇನ್ನೂ ಅಪರೂಪ. ಬೇಡ. ಹೆಚ್ಚು ಶಕ್ತಿಯ ಮಾಡೆಲ್ ಪಿಎಸ್5 ಪ್ರೋ 2024ರ ನವೆಂಬರ್‌ನಲ್ಲಿ ಬೇರೆ ದೇಶಗಳಿಗೆ ಬಂದಾಗ ಸೋನಿ ಅದನ್ನು ಇಲ್ಲಿ ಬಿಡಲಿಲ್ಲ. ಅದರ ವೈಫೈ ಬಳಸುವ 6 ಗಿಗಾಹರ್ಟ್ಸ್ ತರಂಗಕ್ಕೆ ಇಲ್ಲಿ ಅನುಮತಿ ಇರಲಿಲ್ಲ ಅನ್ನುವುದು ಕಾರಣ. ದುಬೈಯಿಂದ ತಂದದ್ದು ಅಂತ ಯಾರಾದರೂ ಮಾರಲು ಬಂದರೆ ಇಲ್ಲಿಯ ವಾರಂಟಿ ಇದೆಯಾ ಅಂತ ಕೇಳಿ.

ದುಡ್ಡು ಕೊಡುವ ಮೊದಲು ಎರಡು ಕೆಲಸ ಮಾಡಿ. ಸ್ಟೀಮ್ ತೆಗೆದು ಯಾವ ಆಟಕ್ಕೆ ಒಟ್ಟು ಎಷ್ಟು ಗಂಟೆ ಕೊಟ್ಟಿದ್ದೀರಿ ನೋಡಿ. ಆಟದ ಹೆಸರಿನ ಕೆಳಗೇ ಇರುತ್ತದೆ. ವ್ಯಾಲೊರಂಟ್ ಅದರಲ್ಲಿ ಬರುವುದಿಲ್ಲ, ಅದನ್ನು ನೀವೇ ಕೂಡಿಸಿಕೊಳ್ಳಿ. ಕೀಬೋರ್ಡ್ ಮೌಸ್ ಆಟಗಳೇ ಮುಕ್ಕಾಲು ಪಾಲು ಇದ್ದರೆ ನನ್ನ ಸಲಹೆ ತಿರುಗುತ್ತದೆ, ಮೇಲೆ ಹೇಳಿದ ಎಎಂ4 ಅಪ್‌ಗ್ರೇಡ್ ಮಾಡಿಸಿ. ಇನ್ನೊಂದು, ಪಿಎಸ್5 ಇರುವ ಯಾರದಾದರೂ ಮನೆಗೆ ಹೋಗಿ ಶೂಟಿಂಗ್ ಆಟವನ್ನೇ ಕಂಟ್ರೋಲರ್‌ನಲ್ಲಿ ಆಡಿ. ಮೊದಲ ದಿನ ಕೈ ಕಟ್ಟಿಹಾಕಿದ ಹಾಗೆ ಅನ್ನಿಸುತ್ತದೆ. ಅದಕ್ಕೆ ಹೆದರಬೇಡಿ, ಒಂದೆರಡು ವಾರದಲ್ಲಿ ಹಿಡಿತ ಬರುತ್ತದೆ. ಆದರೆ ಕೈಯಲ್ಲಿ ಹಿಡಿದದ್ದೇ ಇಷ್ಟವಾಗದಿದ್ದರೆ ಒತ್ತಾಯ ಮಾಡಿಕೊಳ್ಳಬೇಡಿ.

ಕಂಟ್ರೋಲರ್ ಖರ್ಚು ಲೆಕ್ಕದಲ್ಲಿರಲಿ. ಡ್ಯುಯಲ್‌ಸೆನ್ಸ್ ಒಂದಕ್ಕೆ ಸುಮಾರು 6 ಸಾವಿರ. ವರ್ಷಗಳ ಬಳಕೆಯಲ್ಲಿ ಸ್ಟಿಕ್ ಒಳಗಿನ ಭಾಗ ಸವೆದು, ಮುಟ್ಟದಿದ್ದರೂ ಪಾತ್ರ ತಾನಾಗಿ ನಡೆಯತೊಡಗುತ್ತದೆ. ಡ್ರಿಫ್ಟ್ ಅನ್ನುವುದು ಇದನ್ನೇ. ವಾರಂಟಿ ಒಂದು ವರ್ಷ, ಬಿಲ್ ಜೋಪಾನವಾಗಿ ಇಡಿ. ಪಿಎಸ್4ನ ಹಳೇ ಕಂಟ್ರೋಲರ್ ಸಿಕ್ಕಿತು ಅಂತ ತರಬೇಡಿ, ಪಿಎಸ್5 ಆಟಗಳಿಗೆ ಅದು ನಡೆಯುವುದಿಲ್ಲ.

ಸೆಕೆಂಡ್ ಹ್ಯಾಂಡ್ ಪಿಎಸ್5 ತಗೊಳ್ಳುವುದಾದರೆ ಮಾರುವವರ ಮನೆಯಲ್ಲೇ, ಅವರ ಎದುರೇ, ನಿಮ್ಮ ಪಿಎಸ್‌ಎನ್ (ಪ್ಲೇಸ್ಟೇಷನ್ ನೆಟ್‌ವರ್ಕ್) ಅಕೌಂಟ್ ಹಾಕಿ ಲಾಗಿನ್ ಆಗಿ ನೋಡಿ. ಸೋನಿ ಬ್ಯಾನ್ ಮಾಡಿದ ಕನ್ಸೋಲ್ ಆಗಿದ್ದರೆ ಅಲ್ಲೇ ಗೊತ್ತಾಗುತ್ತದೆ. ಒಂದು ಡಿಸ್ಕ್ ಹಾಕಿ, ತೆಗೆಯಿರಿ. ಎಚ್‌ಡಿಎಂಐ ವೈರನ್ನು ಮೆಲ್ಲಗೆ ಅಲುಗಿಸಿ, ಚಿತ್ರ ಮಿಣುಕಿದರೆ ಎದ್ದು ಬನ್ನಿ. ಸ್ವಲ್ಪ ಭಾರೀ ಆಟ ಹಾಕಿ ಅರ್ಧ ಗಂಟೆ ಬಿಡಿ, ಫ್ಯಾನ್ ಕಿರುಚುತ್ತದೆಯಾ ಕೇಳಿಸಿಕೊಳ್ಳಿ.

ನಿಮ್ಮ ಮಗಳಿಗೂ ಇದರಲ್ಲಿ ಪಾಲಿದೆ. ಆಸ್ಟ್ರೋಸ್ ಪ್ಲೇರೂಮ್ ಅನ್ನುವ ಆಟ ಪಿಎಸ್5 ಒಳಗೇ ಉಚಿತವಾಗಿ ಬರುತ್ತದೆ, 6 ವರ್ಷದವರಿಗೆ ಹಿಡಿಸುವಂಥದ್ದು. ಆಮೇಲೆ ಸ್ಯಾಕ್‌ಬಾಯ್ ಅನ್ನುವ ಆಟದ ಡಿಸ್ಕ್ ತಂದರೆ ಇಬ್ಬರೂ ಒಟ್ಟಿಗೆ ಆಡಬಹುದು, ಎರಡನೇ ಕಂಟ್ರೋಲರ್ ಆಗ ಕೊಳ್ಳಿ. ಕನ್ಸೋಲ್ ಮನೆಗೆ ತಂದ ದಿನವೇ ಫ್ಯಾಮಿಲಿ ಮ್ಯಾನೇಜ್‌ಮೆಂಟ್‌ನಲ್ಲಿ ಅವಳಿಗೆ ಚೈಲ್ಡ್ ಅಕೌಂಟ್ ಮಾಡಿ ಆಡುವ ಸಮಯಕ್ಕೆ ಮಿತಿ ಹಾಕಿ. ಸ್ಟೋರ್‌ನಲ್ಲಿ ಕೊಳ್ಳುವಾಗ ಪ್ರತಿ ಸಲ ಪಾಸ್‌ವರ್ಡ್ ಕೇಳುವ ಸೆಟ್ಟಿಂಗ್ ಆನ್ ಮಾಡಿ. ನಿಮ್ಮ ಕಾರ್ಡ್ ನಂಬರ್ ಹಾಕುವುದು ಅದಾದ ಮೇಲೆ.